ನೀಲಿ ಸೀಮೆಸುಣ್ಣದ ಹನಿಗಳು

ಪಿರಿಯಾಪಟ್ಟಣದ ಕಡೆ ಆ ಕಾಲದಲ್ಲಿ ಹೈಸ್ಕೂಲು ಓದಿದ ಯಾರನ್ನಾದರೂ ಹಿಡಿದು ಚನ್ನಬಸವಣ್ಣ ಮೇಷ್ಟ್ರ ಬಗ್ಗೆ ಕೇಳಿ. ಮೊದಲು ಬಲಗೈ ಎತ್ತಿ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸುತ್ತಾರೆ, ಮಾತೆಲ್ಲ ಆಮೇಲೆ. ಕೈವಾರ ಇಲ್ಲದೆ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಮೇಷ್ಟ್ರು ಬೋರ್ಡಿನ ಮೇಲೆ ವೃತ್ತ ಬರೆಯುತ್ತಿದ್ದರು. ಅದು ಶುರುವಾದ ಜಾಗ ಯಾವುದು, ಮುಗಿದ ಜಾಗ ಯಾವುದು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ಸಿಕ್ಕುತ್ತಿರಲಿಲ್ಲ. ಹೃದಯ ಬರೆದರೆ ಮುಂದಿನ ಬೆಂಚಿನವರು ತಮ್ಮ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಎಲ್ಲಕ್ಕಿಂತ ಹೆಸರು ಮಾಡಿದ್ದು ಅವರ ಜಲಜನಕದ ಚಿತ್ರ. ಎರಡು ಬಾಯಿಯ ಗಾಜಿನ ಸೀಸೆ, ಅದರ ತಳದಲ್ಲಿ ಸತುವಿನ ಚೂರುಗಳು, ಅದರ ಮೇಲೆ ಗೆರೆ ಎಳೆದ ಹಾಗೆ ನಿಂತ ಆಮ್ಲ. ಒಂದು ಬಾಯಿಯಿಂದ ಒಳಗಿಳಿದ ಉದ್ದ ಕೊಳವೆಯ ಆಲಿಕೆ, ಇನ್ನೊಂದು ಬಾಯಿಯಿಂದ ಹೊರಗೆ ಬಾಗಿದ ಗಾಜಿನ ನಳಿಕೆ, ನಳಿಕೆಯ ತುದಿಯಲ್ಲಿ ಕೆಂಪಗೆ ಉರಿಯುವ ಜ್ವಾಲೆ, ಜ್ವಾಲೆಯ ಮೇಲೆ ಹಿಡಿದ ತಟ್ಟೆ. ಆ ತಟ್ಟೆಯ ಅಡಿಗೆ ಮೂರು ನೀರಿನ ಹನಿ. ಜಲಜನಕ ಉರಿದರೆ ನೀರಾಗುತ್ತದೆ ಎಂದು ಹೇಳುವ ಹನಿಗಳು ಅವು. ಅವುಗಳಿಗಾಗಿ ಮೇಷ್ಟ್ರು ನೀಲಿ ಸೀಮೆಸುಣ್ಣದ ತುದಿಯನ್ನು ಬ್ಲೇಡಿನಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಒಮ್ಮೆ ಶಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಆ ಚಿತ್ರ ನೋಡುತ್ತ ನಿಂತು, ಮಕ್ಕಳಿಗೆ ಪ್ರಶ್ನೆ ಕೇಳುವುದನ್ನೇ ಮರೆತು ಹೋದರಂತೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಮೇಷ್ಟ್ರು ಆ ಪ್ರಯೋಗವನ್ನು ತಮ್ಮ ಕೈಯಾರೆ ಒಂದು ಸಲವೂ ಮಾಡಿರಲಿಲ್ಲ. ಮಾಡಿದ್ದನ್ನು ನೋಡಿಯೂ ಇರಲಿಲ್ಲ.

ಅದು ಹೇಗಾಯಿತು ಅಂತೀರಾ? ಬಹಳ ಸಲೀಸಾಗಿ ಆಯಿತು. ಬೆಟ್ಟದಪುರದ ಹುಡುಗ, ಜಗಲಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಎತ್ತು, ಗಾಡಿ, ಬೆಟ್ಟ ಎಲ್ಲ ಬರೆದು ಅಪ್ಪನಿಂದ ಬೈಸಿಕೊಳ್ಳುತ್ತಿದ್ದವನು ಮೈಸೂರಿಗೆ ಬಿ.ಎಸ್ಸಿ. ಓದಲು ಹೋದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಬ್ಬರಿಗೆ ಒಂದು ಮೇಜು. ಜೊತೆಗಿದ್ದವನು ಅಂಕಯ್ಯ ಎಂಬ ಚುರುಕು ಹುಡುಗ, ಅವನಿಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬಾರದು. ಮೊದಲ ವಾರವೇ ಒಪ್ಪಂದ ಆಗಿಹೋಯಿತು. ಅಂಕಯ್ಯ ಪ್ರಯೋಗ ಮಾಡುವುದು, ಚನ್ನಬಸವಣ್ಣ ಗೋಡೆಯ ಕಡೆ ತಿರುಗಿ ಕೂತು ಪುಸ್ತಕ ನೋಡಿಕೊಂಡು ಇಬ್ಬರದ್ದೂ ಚಿತ್ರ ಬರೆಯುವುದು. ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ತೂಕ ಹಾಕುವ ಸುಲಭದ ಪ್ರಯೋಗ ಬಂದು, ಹುಡುಗ ಬಚಾವಾದ. ಚಿತ್ರಕ್ಕೆ ಪೂರ್ತಿ ಅಂಕ ಬಿತ್ತು.

ಆಮೇಲೆ ಮೇಷ್ಟ್ರ ಕೆಲಸ. ಶಾಲೆಯಲ್ಲಿ ಪ್ರಯೋಗಶಾಲೆ ಎಂದರೆ ಒಂದು ಬೀರು. ಬೀರುವಿನ ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಒಳಗಿನ ಗಾಜು ಒಡೆದರೆ ಮೇಷ್ಟ್ರ ಸಂಬಳಕ್ಕೆ ಕತ್ತರಿ. ಈಗಿನವರು ನಗಬೇಡಿ, ಆಗ ಎಷ್ಟೋ ಶಾಲೆಗಳಲ್ಲಿ ಹೀಗೇ ಇತ್ತು. ಬೀರುವಿನ ಸಾಮಾನು ದೇವರ ಒಡವೆಯಂತೆ ಒಳಗೇ ಇರಬೇಕು, ಪಟ್ಟಿಗೆ ಸರಿಹೋಗಬೇಕು, ಅಷ್ಟೆ. ಚನ್ನಬಸವಣ್ಣನವರಿಗೆ ಇದು ಅನುಕೂಲವೇ ಆಯಿತು. ಮೊದಲ ವರ್ಷ, ಮುಂದಿನ ವರ್ಷ ಮಾಡಿದರಾಯಿತು ಅಂದುಕೊಂಡರು. ಮುಂದಿನ ವರ್ಷ ಬಂದಾಗ, ಈಗ ಕೈ ನಡುಗಿದರೆ ಮಕ್ಕಳು ಏನಂದುಕೊಂಡಾರು ಎಂದು ಹಿಂಜರಿದರು. ಹೀಗೆ ಒಂಬತ್ತು ವರ್ಷ ಕಳೆಯಿತು. ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಎಲ್ಲರೂ ತಲೆ ಬಗ್ಗಿಸಿ ಚಿತ್ರ ಇಳಿಸಿಕೊಳ್ಳುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ಆ ಮೌನ ಮೇಷ್ಟ್ರಿಗೆ ಹೆಮ್ಮೆ. ಆದರೆ ಯಾರಾದರೂ ಎದ್ದು ನಿಂತು, ಸಾ, ನೀವು ಇದನ್ನ ನೋಡಿದ್ದೀರಾ ಎಂದು ಕೇಳಿಬಿಟ್ಟರೆ ಎಂಬ ಭಯವೂ ಒಳಗೊಳಗೇ ಕೊರೆಯುತ್ತಿತ್ತು.

ಐವತ್ತಾರರ ಬೇಸಿಗೆಯಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆಂದು ಮೈಸೂರಿನಲ್ಲಿ ಒಂದು ಶಿಬಿರ ನಡೆಯಿತು. ದೊಡ್ಡ ದೊಡ್ಡವರು ಬಂದು ದೊಡ್ಡ ದೊಡ್ಡ ಮಾತು ಆಡಿದರು, ಇವರು ಬರೆದುಕೊಂಡರು. ಶಿಬಿರದಿಂದ ನಿಜವಾಗಿ ಸಿಕ್ಕಿದ್ದು ಮಾತ್ರ ವಾಪಸು ಬರುವ ಬಸ್ಸಿನಲ್ಲಿ. ಒಂದೇ ಸೀಟಿನ ಆಜೂಬಾಜಿನಲ್ಲಿ ನಾಲ್ವರು ಕೂತಿದ್ದರು. ಹುಣಸೂರಿನ ಗಯಾಸುದ್ದೀನ್ ಸಾಹೇಬರು, ಆರಡಿ ಆಳು, ನಕ್ಕರೆ ಬಸ್ಸಿನ ಕಿಟಕಿ ಗಡಗಡ ಅನ್ನಬೇಕು. ಕೃಷ್ಣರಾಜನಗರದ ನೀಲಾಂಬಿಕೆ, ಕಡಿಮೆ ಮಾತಿನ, ಕಣ್ಣು ತಪ್ಪಿಸಿ ಏನೂ ಆಗಲು ಬಿಡದ ಹೆಣ್ಣುಮಗಳು. ಹೆಗ್ಗಡದೇವನಕೋಟೆಗೆ ಹೊಸದಾಗಿ ಸೇರಿದ ಗುರುಸ್ವಾಮಿ, ಮೀಸೆ ಇನ್ನೂ ಸರಿಯಾಗಿ ಚಿಗುರದ ಮೇಷ್ಟ್ರು. ಕಿಟಕಿಯ ಪಕ್ಕದಲ್ಲಿ ಚನ್ನಬಸವಣ್ಣನವರು.

"ಅಲ್ಲ ಕಣ್ರೀ," ಅಂದರು ಗಯಾಸುದ್ದೀನ್, "ಅಷ್ಟು ಜನ ಮಾತಾಡಿದ್ರಲ್ಲ, ಒಬ್ಬನಾದ್ರೂ ನನ್ನ ಪ್ರಯೋಗ ಕೆಟ್ಟೋಯ್ತು ಅಂದ್ನಾ? ಎಲ್ಲಾರದ್ದೂ ಸರಿಯಾಗೇ ಬತ್ತದಂತೆ! ನನ್ನದು ಮಾತ್ರ ಯಾಕ್ರೀ ಬರಲ್ಲ?"

ಮೂವರೂ ನಕ್ಕರು. ಆ ನಗುವಿನಲ್ಲೇ ಒಂದು ಕಟ್ಟಳೆ ಹುಟ್ಟಿತು. ತಿಂಗಳಿಗೊಂದು ಭಾನುವಾರ ನಾಲ್ವರೂ ಹುಣಸೂರಿನಲ್ಲಿ, ಗಯಾಸುದ್ದೀನರ ಮನೆಯ ಹಿತ್ತಲ ಚಪ್ಪರದಲ್ಲಿ ಸೇರಬೇಕು. ಬರುವಾಗ ತರಗತಿಯಲ್ಲಿ ಕೆಟ್ಟುಹೋದ ಒಂದು ಪ್ರಯೋಗವನ್ನು ತರಬೇಕು. ಗೆದ್ದದ್ದನ್ನು ತರಕೂಡದು. ತಂದದ್ದನ್ನು ಮೊದಲು ಕೆಟ್ಟ ಹಾಗೆಯೇ ಮಾಡಿ ತೋರಿಸಬೇಕು, ಆಮೇಲೆ ಎಲ್ಲರೂ ಸೇರಿ ಅದನ್ನು ಸರಿ ಮಾಡಬೇಕು. ಸರಿಯಾಗುವ ತನಕ ಯಾರೂ ಬುತ್ತಿ ಬಿಚ್ಚುವ ಹಾಗಿಲ್ಲ.

ಮೊದಲ ಭಾನುವಾರವೇ ಚನ್ನಬಸವಣ್ಣನವರು ಬೆಕ್ಕಸಬೆರಗಾಗಿ ಕೂತರು. ತಮ್ಮ ತಪ್ಪನ್ನು ಹೀಗೆ ಹಬ್ಬದೂಟ ಬಡಿಸಿದ ಹಾಗೆ ಬಡಿಸುವ ಜನರನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗಯಾಸುದ್ದೀನ್ ಪಾದರಸದ ನಳಿಕೆ ತಲೆಕೆಳಗು ಮಾಡುವಾಗ ಕೈಜಾರಿ, ಪಾದರಸವೆಲ್ಲ ನೆಲದ ಮೇಲೆ ಓಡಿ, ಇಡೀ ತರಗತಿ ಮೊಣಕಾಲೂರಿ ಅದರ ಹಿಂದೆ ಓಡಿದ್ದನ್ನು ತಾವೇ ಮೊಣಕಾಲೂರಿ ತೋರಿಸಿದರು. ನೀಲಾಂಬಿಕೆ ಕಪ್ಪೆ ಕೊಯ್ಯಲು ಮನಸ್ಸು ಬಾರದೆ ಒಂದು ಗಳಿಗೆ ಕಣ್ಣು ಮುಚ್ಚಿದಾಗ, ಅದು ನೆಗೆದು ಹೆಡ್‌ಮಾಸ್ಟರ ಕೋಣೆ ಸೇರಿದ್ದನ್ನು ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಹೇಳಿದರು. ಗುರುಸ್ವಾಮಿಯ ದಿಕ್ಸೂಚಿ ಕಿಟಕಿಯ ಕಬ್ಬಿಣದ ಸರಳಿನ ಕಡೆಗೇ ತಿರುಗಿ, ಕೋಟೆಯ ಮಕ್ಕಳೆಲ್ಲ ಆ ಕಿಟಕಿಯನ್ನೇ ಉತ್ತರ ಅಂದುಕೊಂಡಿದ್ದವು. ನೀಲಾಂಬಿಕೆಯ ಜೊತೆಗೆಂದು ಬರುತ್ತಿದ್ದ ಅವರ ಸೋದರತ್ತೆ ಪುಟ್ಟಮಲ್ಲಮ್ಮ, ಚಪ್ಪರದ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಓದ್ದೋರಿಗೂ ಇಂಗಾಯ್ತದಾ!" ಎಂದು ಸಂತೋಷಪಡುತ್ತಿದ್ದರು.

ನಕ್ಕು ಮುಗಿದ ಮೇಲೆ ಕೆಲಸ. ನಾಲ್ಕು ತಲೆ ಒಂದು ಸೀಸೆಯ ಮೇಲೆ ಬಗ್ಗಿ, ಏನಾಯಿತು, ಯಾಕಾಯಿತು ಎಂದು ಜಾಲಾಡುವುದು. ಅದನ್ನು ನೋಡುವಾಗ ಚನ್ನಬಸವಣ್ಣನವರಿಗೆ ಮೈ ಜುಮ್ಮೆನ್ನುತ್ತಿತ್ತು. ಆದರೆ ಅವರ ಸರದಿ ಬಂದಾಗ ಅವರು ಮೆಲ್ಲಗೆ, "ನನ್ನದು ಈ ತಿಂಗಳು ಏನೂ ಕೆಟ್ಟಿಲ್ಲ ಸಾಹೇಬ್ರೆ" ಅನ್ನುತ್ತಿದ್ದರು. ಸುಳ್ಳಲ್ಲವಲ್ಲ. ಏನೂ ಮಾಡದವನದು ಏನು ಕೆಡುತ್ತದೆ? ಅದರ ಬದಲು ಅವರು ಕಾಗದದ ಸುರುಳಿ ಬಿಚ್ಚಿ, ದಪ್ಪ ಹಾಳೆಯ ಮೇಲೆ ಬಣ್ಣದಲ್ಲಿ ಬರೆದ ಹೊಸ ಚಿತ್ರ ಹರಡುತ್ತಿದ್ದರು. ಉಳಿದ ಮೂವರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಿಧಾನವಾಗಿ ಆ ಚಿತ್ರಗಳು ನಾಲ್ಕು ತಾಲ್ಲೂಕಿನ ಗೋಡೆಗಳಿಗೂ ಏರಿದವು.

"ಏನೂ ಕೆಡದ ಮನುಷ್ಯ!" ಎಂದು ಗಯಾಸುದ್ದೀನ್ ಅವರ ಬೆನ್ನು ತಟ್ಟುತ್ತಿದ್ದರು. ಆ ಏಟಿಗೆ ಬೆನ್ನಿಗಿಂತ ಜಾಸ್ತಿ ಇನ್ನೆಲ್ಲೋ ನೋಯುತ್ತಿತ್ತು.

ಮಾರನೆಯ ವರ್ಷ, ಮಳೆ ನಿಂತು ಬಿಸಿಲು ಏರಿದ ಒಂದು ಭಾನುವಾರ, ಗುರುಸ್ವಾಮಿ ಕೋಟೆಯ ಬಸ್ಸಿನಿಂದ ಇಳಿದು ಬಂದ ರೀತಿಯೇ ಸರಿಯಿರಲಿಲ್ಲ. ಮುಖ ಬಾಡಿತ್ತು. ಟವೆಲಿನಲ್ಲಿ ಸುತ್ತಿದ ಸೀಸೆ, ನಳಿಕೆಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಒಂದು ಸುರುಳಿ ಬಿಚ್ಚಿ ನಾಲ್ಕು ಮೂಲೆಗೂ ಕಲ್ಲು ಹೇರಿದ. ಚನ್ನಬಸವಣ್ಣನವರ ಜಲಜನಕದ ಚಿತ್ರ ಅದು.

"ಈ ಚಿತ್ರದಲ್ಲಿ ಎಂಗದೋ ಅಂಗೇ ಜೋಡಿಸ್ದೆ ಸಾ," ಅಂದ. "ಒಂದು ಕೂದಲೆಳೆ ಅತ್ತಿತ್ತ ಮಾಡಿಲ್ಲ. ಆವತ್ತು ಹೆಡ್‌ಮಾಸ್ಟ್ರೂ ಬಂದು ಕೂತಿದ್ರು. ಆಮ್ಲ ಸುರಿದೆ. ಸೀಸೆ ಒಳಗೆ ಬುಸುಬುಸು ಅಂತು. ಹಚ್ಚೋಕೆ ಮುಂಚೆ ಗಾಳಿ ಬತ್ತದಾ ನೋಡನಾ ಅಂತ ನಳಿಕೆ ತುದೀನ ನೀರಿನ ತೊಟ್ಟೀಲಿ ಇಟ್ಟಿದ್ದೆ, ಒಂದು ಗುಳ್ಳೆ ಬರಲಿಲ್ಲ. ಕಾದ್ವಿ, ಕಾದ್ವಿ. ಹಿಂದಿನ ಬೆಂಚಿಂದ ಯಾವನೋ, ಸಾ ನಾವು ಊಟ ಮಾಡ್ಕೊಂಡು ಬರನಾ ಅಂದ. ಹೆಡ್‌ಮಾಸ್ಟ್ರೂ ನಕ್ಬುಟ್ರು."

ಯಾರೂ ನಗಲಿಲ್ಲ. ಗುರುಸ್ವಾಮಿ ಟವೆಲು ಮಡಿಸುತ್ತ ನಿಂತ.

"ಇದು ನನ್ನ ಕೈಲಿ ಆಗೋ ಕೆಲ್ಸ ಅಲ್ಲ ಸಾ. ಬರೋ ತಿಂಗಳಿಂದ ಮಾವನ ಮರದ ಡಿಪೋಗೆ ಲೆಕ್ಕ ಬರೆಯೋಕೆ ಸೇರ್ಕೋತೀನಿ. ನಿಮಗೆ ಹೇಳಿ ಹೋಗನಾ ಅಂತ ಬಂದೆ."

ಚನ್ನಬಸವಣ್ಣನವರು ತಮ್ಮ ಚಿತ್ರದ ಮೇಲೆ ಬಗ್ಗಿ ಗೆರೆ ಗೆರೆಯನ್ನೂ ನೋಡಿದರು. ಎಲ್ಲಿ ತಪ್ಪಾಯಿತು ಎಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ?

"ಡಿಪೋ ಎಲ್ಲಿಗೂ ಓಡೋಗಲ್ಲ," ಅಂದರು ಗಯಾಸುದ್ದೀನ್. "ಕಟ್ಟಳೆ ಕಟ್ಟಳೆ. ಮೊದಲು ಕೆಟ್ಟಂಗೇ ಮಾಡು."

ಚಿತ್ರ ನೋಡಿ ನೋಡಿ ಜೋಡಿಸಿದರು. ಸೀಸೆಗೆ ಸತು, ಅದರ ಮೇಲೆ ಚಿತ್ರದಲ್ಲಿ ಗೆರೆ ಇದ್ದ ಮಟ್ಟಕ್ಕೆ ಆಮ್ಲ. ಆಲಿಕೆಯ ಕೊಳವೆಯನ್ನೂ ಚಿತ್ರದಲ್ಲಿ ಇದ್ದಷ್ಟೇ ಇಳಿಸಿದರು. ಸೀಸೆ ಬುಸುಗುಟ್ಟಿತು. ತೊಟ್ಟಿಯ ನೀರು ಕನ್ನಡಿಯಂತೆ ಸುಮ್ಮನಿತ್ತು. ಗಯಾಸುದ್ದೀನ್ ಬಗ್ಗಿ, ಕಣ್ಣು ಕಿರಿದು ಮಾಡಿ, ಸೀಸೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ಏನೋ ಹೊಳೆದವರಂತೆ ಹೆಬ್ಬೆರಳನ್ನು ಒದ್ದೆ ಮಾಡಿ ಆಲಿಕೆಯ ಬಾಯಿಗೆ ಒತ್ತಿ ಹಿಡಿದರು. ತೊಟ್ಟಿಯಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. ಬೆರಳು ತೆಗೆದರು, ಗುಳ್ಳೆ ನಿಂತಿತು.

ಎಲ್ಲರಿಗೂ ಒಟ್ಟಿಗೇ ಕಂಡಿತು. ಆಲಿಕೆಯ ಕೊಳವೆ ಆಮ್ಲದಲ್ಲಿ ಮುಳುಗಿರಲಿಲ್ಲ, ಒಂದು ಬೆರಳು ಮೇಲೆ ನಿಂತಿತ್ತು. ಹುಟ್ಟಿದ ಜಲಜನಕವೆಲ್ಲ ಆ ಕೊಳವೆಯಿಂದಲೇ ಮೇಲೆದ್ದು ಚಪ್ಪರ ಸೇರುತ್ತಿತ್ತು. ಚಿತ್ರದಲ್ಲೂ ಹಾಗೇ ಇತ್ತು. ಆಮ್ಲದ ಮಟ್ಟದ ಆ ನುಣುಪು ಗೆರೆಯನ್ನು ಕೊಳವೆ ಬಂದು ಕತ್ತರಿಸಿದರೆ ಅಂದಗೆಡುತ್ತದೆ ಎಂದು ಚನ್ನಬಸವಣ್ಣನವರು ಕಾಲೇಜಿನಲ್ಲೇ ಅದನ್ನು ಒಂದಿಷ್ಟು ಮೋಟು ಮಾಡಿದ್ದರು. ಅಂದಿನಿಂದ ಇಂದಿನವರೆಗೆ ಹಾಗೇ ಬರೆಯುತ್ತ ಬಂದಿದ್ದರು.

ಗಯಾಸುದ್ದೀನ್ ಒಮ್ಮೆ ಚಿತ್ರ ನೋಡಿದರು, ಒಮ್ಮೆ ಚನ್ನಬಸವಣ್ಣನವರ ಮುಖ ನೋಡಿದರು. ಆಮೇಲೆ ಗುರುಸ್ವಾಮಿಯ ಕಡೆ ತಿರುಗಿ ಹಗುರವಾಗಿ ಅಂದರು:

"ಏನಿಲ್ಲ ಕಣಯ್ಯ, ಆಮ್ಲ ಒಸಿ ಕಮ್ಮಿ ಆಯ್ತು. ಇನ್ನೊಂದು ಲೋಟ ಸುರಿದಿದ್ರೆ ಕೊಳವೆ ಮುಳುಗೋದು, ಸರಿಹೋಗೋದು. ಅಷ್ಟೇಯ."

ಸ್ನೇಹಿತನ ಮರ್ಯಾದೆ ಕಾಪಾಡಿದ ಮಾತು ಅದು. ಚನ್ನಬಸವಣ್ಣನವರಿಗೆ ಹೋದ ಜೀವ ಬಂದಂತಾಯಿತು. ಆದರೆ ಎದುರಿಗೆ ಗುರುಸ್ವಾಮಿ ತಲೆ ಅಲ್ಲಾಡಿಸುತ್ತಿದ್ದ.

"ನೋಡಿ ಸಾ, ಅಷ್ಟೂ ಹೊಳೀಲಿಲ್ಲ ನನಗೆ. ಚಿತ್ರ ಕಣ್ಮುಂದೆ ಇಟ್ಕೊಂಡೂ ಕೆಡಿಸ್ಬುಟ್ಟೆ. ಅದಕ್ಕೇ ಹೇಳಿದ್ದು, ನಾನು ಲಾಯಕ್ಕಿಲ್ಲ." ಅಂದವನೇ ನಳಿಕೆಗಳನ್ನು ಬಿಚ್ಚಿ ಚೀಲಕ್ಕೆ ಹಾಕಲು ಕೈ ಚಾಚಿದ.

ಚನ್ನಬಸವಣ್ಣನವರು ಆ ಕೈಯನ್ನೇ ನೋಡಿದರು. ಬೆರಳಿನ ತುದಿಯಲ್ಲಿ ಆಮ್ಲ ಸುಟ್ಟ ಹಳದಿ ಕಲೆ. ಎಳೆಯ ಹುಡುಗ, ಬೀರುವಿನ ಬೀಗ ತೆಗೆಸಿ, ಬೆರಳು ಸುಟ್ಟುಕೊಂಡು, ಹೆಡ್‌ಮಾಸ್ಟರ ಎದುರಿಗೆ ಮಾಡಲು ನಿಂತಿದ್ದ. ತಮ್ಮ ಬೆರಳಿನಲ್ಲಿ ಸೀಮೆಸುಣ್ಣದ ಪುಡಿ ಬಿಟ್ಟರೆ ಬೇರೆ ಏನೂ ಅಂಟಿರಲಿಲ್ಲ. ಈಗ ಬಾಯಿ ಮುಚ್ಚಿಕೊಂಡು ಕೂತರೆ ತಮ್ಮ ಹೆಸರು ಉಳಿಯುತ್ತದೆ, ಈ ಹುಡುಗ ಮರದ ದಿಮ್ಮಿ ಎಣಿಸಲು ಹೋಗುತ್ತಾನೆ. ಅವರಿಗೆ ತಮ್ಮ ಮೇಲೆ ಎಂದೂ ಬಾರದಷ್ಟು ಸಿಟ್ಟು ಬಂತು.

"ಬುಡಿ ಗುರುಸ್ವಾಮಿ, ಬಿಚ್ಚಬೇಡಿ," ಅಂದರು. ದನಿ ಅವರಿಗೇ ಗುರುತು ಸಿಗಲಿಲ್ಲ. "ನೀವೇನೂ ಕೆಡಿಸಿಲ್ಲ. ಚಿತ್ರವೇ ತಪ್ಪು. ಕೊಳವೆ ಮುಳುಗಬೇಕು ಅನ್ನೋದು ನನಗೇ ಗೊತ್ತಿರಲಿಲ್ಲ. ನಾನು ಇದನ್ನ ಮಾಡಿಲ್ಲ ಕಣ್ರಪ್ಪ. ಇದನ್ನ ಅಂತಲ್ಲ, ಯಾವುದನ್ನೂ ಮಾಡಿಲ್ಲ. ಒಂದು ಕಡ್ಡಿ ಗೀರಿಲ್ಲ ನಾನು."

ಚನ್ನಬಸವಣ್ಣನವರು ತಲೆ ಎತ್ತಲಿಲ್ಲ. ಈಗ ಏಳಬೇಕು, ಛತ್ರಿ ತಗೋಬೇಕು, ಬಸ್ ಸ್ಟ್ಯಾಂಡಿಗೆ ಹೋಗಬೇಕು ಎಂದು ಮನಸ್ಸಿನಲ್ಲೇ ಹೆಜ್ಜೆ ಹಾಕುತ್ತಿದ್ದರು.

"ನನಗೂ ಸಾಹೇಬ್ರಿಗೂ ಗೊತ್ತಿತ್ತು ಸಾರ್," ಅಂದರು ನೀಲಾಂಬಿಕೆ.

ಚನ್ನಬಸವಣ್ಣನವರು ತಟ್ಟನೆ ತಲೆ ಎತ್ತಿದರು.

"ಯಾರಾದ್ರೂ ಕಡ್ಡಿಪೆಟ್ಟಿಗೆ ಕೈಗೆತ್ಕೊಂಡ್ರೆ ನೀವು ಎದ್ದು ಹಿತ್ತಲ ಬಾಗಿಲ ಹತ್ರ ಹೋಗಿ ನಿಲ್ತಿದ್ರಿ. ಮೊದಲನೇ ಭಾನುವಾರದಿಂದ ನೋಡ್ತಿದ್ದೀನಿ. ನೀವಾಗೇ ತರ್ಲಿ ಅಂತ ಸುಮ್ನಿದ್ವಿ."

"ಅರೆ, ನೋಡಿ!" ಗಯಾಸುದ್ದೀನ್ ತೊಡೆ ತಟ್ಟಿಕೊಂಡು ಎದ್ದರು. "ಕೊನೆಗೂ ಏನೂ ಕೆಡದ ಮನುಷ್ಯನದ್ದೂ ಒಂದು ಕೆಡ್ತು! ನಮ್ಮೆಲ್ಲಾರದ್ದೂ ಒಂದೊಂದು ದಿನ ಕೆಟ್ರೆ, ಇವರದ್ದು ನಾಲ್ಕು ತಾಲ್ಲೂಕಲ್ಲಿ ಒಟ್ಟಿಗೇ ಕೆಟ್ಟೈತೆ ಕಣ್ರೀ!"

ಆ ನಗು ಚನ್ನಬಸವಣ್ಣನವರನ್ನು ಹೊರಗೆ ತಳ್ಳಲಿಲ್ಲ, ಒಳಕ್ಕೆ ಎಳೆದುಕೊಂಡಿತು. ಇಷ್ಟು ತಿಂಗಳು ಇವರು ಎಲ್ಲ ತಿಳಿದೂ ತಮ್ಮ ಪಕ್ಕದಲ್ಲಿ ಕೂತು ಉಂಡಿದ್ದಾರೆ, ತಮ್ಮ ಚಿತ್ರ ಹೊತ್ತು ಗೋಡೆಗೆ ಹಾಕಿದ್ದಾರೆ. ಮನುಷ್ಯರು ಹೀಗೂ ಇರುತ್ತಾರೆಯೇ ಎಂದು ಅವರಿಗೆ ಕಣ್ಣು ತುಂಬಿ ಬಂತು.

"ಅಳೋದೆಲ್ಲ ಆಮೇಲೆ," ಅಂದರು ಗಯಾಸುದ್ದೀನ್. ಕಡ್ಡಿಪೆಟ್ಟಿಗೆ ತೆಗೆದು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಸರಿಯಾಗೋ ತನಕ ಬುತ್ತಿ ಇಲ್ಲ. ಹಸಿವಾಗ್ತೈತೆ, ಬನ್ನಿ."

ಕೊಳವೆಯನ್ನು ಆಮ್ಲದೊಳಕ್ಕೆ ಇಳಿಸಿದ್ದು ಚನ್ನಬಸವಣ್ಣನವರೇ. ಗಾಜು ಗಾಜಿಗೆ ತಾಗಿ ಟಿಕ್ ಅಂದಾಗ ಅವರ ಎದೆಯೂ ಹಾಗೇ ಅಂದಿತು. ತೊಟ್ಟಿಯಲ್ಲಿ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಸೀಸೆಗೆ ಒದ್ದೆ ಟವೆಲು ಸುತ್ತಿ, ಮೊದಲು ಬಂದದ್ದನ್ನು ಒಂದು ಸಣ್ಣ ನಳಿಕೆಯಲ್ಲಿ ಹಿಡಿದು ದೂರದಲ್ಲಿ ಕಡ್ಡಿ ತೋರಿಸಿದರು. ಅದು ನಾಯಿಮರಿಯಂತೆ ಬೊಗಳಿತು. ಚನ್ನಬಸವಣ್ಣನವರು ಹಿಂದಕ್ಕೆ ಹಾರಿದರು.

"ಬೊಗಳಿದ್ರೆ ಒಳಗಿನ್ನೂ ಗಾಳಿ ಐತೆ ಅಂತ ಅರ್ಥ. ಈಗ ಹಚ್ಚಿದ್ರೆ ನಾವೆಲ್ಲ ಚಪ್ಪರದ ಮೇಲಿರ್ತೀವಿ. ತಡೀರಿ," ಅಂದರು ಗಯಾಸುದ್ದೀನ್.

ತಡೆದರು. ಮತ್ತೆ ಹಿಡಿದರು, ಮತ್ತೆ ಬೊಗಳಿತು. ಕೊನೆಗೆ ಅದು ಮಗು ತುಟಿ ಬಿಡಿಸಿದಷ್ಟು ಮೆಲ್ಲಗೆ ಪುಪ್ ಅಂದಿತು. ಆಗ ತೊಟ್ಟಿಯನ್ನು ಸರಿಸಿ, ನಳಿಕೆಗೆ ಚೂಪು ಬಾಯಿ ಜೋಡಿಸುವ ಹೊತ್ತಿಗೆ ನೀಲಾಂಬಿಕೆ ತಡೆದರು. ಆಮ್ಲದ ನೀರಿನಿಂದ ಎದ್ದ ಗಾಳಿ ತೇವವಾಗೇ ಇರುತ್ತದೆ, ಆ ತೇವವೇ ತಟ್ಟೆಗೆ ಕೂತರೆ ಉರಿದು ನೀರಾಯಿತು ಎಂದು ಹೇಗೆ ನಂಬುವುದು? ಅವರು ತೇವ ಹೀರುವ ಬಿಳಿ ಲವಣ ತುಂಬಿದ ಒಂದು ಗಾಜಿನ ಕೊಳವೆಯನ್ನು ಚೀಲದಿಂದ ತೆಗೆದು ನಡುವೆ ಸೇರಿಸಿ, ಪುಪ್ ಅನ್ನುವುದನ್ನು ಮತ್ತೊಮ್ಮೆ ನೋಡಿಕೊಂಡರು. ಗಯಾಸುದ್ದೀನ್ ಒಳಗೆ ಹೋಗಿ, ತಮ್ಮ ಹೆಂಡತಿ ಅಕ್ತರುನ್ನೀಸಾ ಅವರ ತವರಿನ ಪಿಂಗಾಣಿ ತಟ್ಟೆ ಬೇಡಿ ತಂದರು. ಒಡೆದರೆ ಮನೆಗೆ ಬರಬೇಡಿ ಎಂದು ಬಾಗಿಲ ಹಿಂದಿನಿಂದ ಅಪ್ಪಣೆಯಾಯಿತು. ನೀಲಾಂಬಿಕೆ ಅದನ್ನು ಒಣ ಬಟ್ಟೆಯಲ್ಲಿ ಮತ್ತೆ ಮತ್ತೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಕೊಟ್ಟರು.

ಚನ್ನಬಸವಣ್ಣನವರು ಕಡ್ಡಿ ಗೀರಿದರು. ಮೊದಲನೆಯದು ಮುರಿಯಿತು. ಎರಡನೆಯದು ಹತ್ತಿತು. ನಳಿಕೆಯ ಬಾಯಿಗೆ ಹಿಡಿದು ಕೈ ಹಿಂದೆಗೆದರು.

ಅಲ್ಲಿ ಏನೂ ಇರಲಿಲ್ಲ. ವರ್ಷ ವರ್ಷವೂ ತಾವು ಕೆಂಪು ಸೀಮೆಸುಣ್ಣದಲ್ಲಿ ತಿದ್ದಿ ತೀಡಿ ಬರೆದ ಆ ಜ್ವಾಲೆ ಎಲ್ಲಿ? "ಹತ್ಲಿಲ್ಲ," ಅಂದರು ಸೋತ ದನಿಯಲ್ಲಿ.

ನೀಲಾಂಬಿಕೆ ಒಂದು ಚೂರು ಕಾಗದವನ್ನು ಆ ಬರಿ ಬಯಲಿಗೆ ಹಿಡಿದರು. ಅದು ಭಗ್ಗನೆ ಹೊತ್ತಿಕೊಂಡಿತು. ಆಗ ಚನ್ನಬಸವಣ್ಣನವರು ಅಂಗೈ ಅಡ್ಡ ಹಿಡಿದು ನೆರಳು ಮಾಡಿ, ಬಗ್ಗಿ ನೋಡಿದರು. ಹಗಲಿನ ಬೆಳಕಿನಲ್ಲಿ ಕಂಡೂ ಕಾಣದ, ಗಾಜಿನ ತುದಿಯಲ್ಲಿ ಒಂದಿಷ್ಟು ಹಳದಿ ಬೆರೆತ, ತೆಳ್ಳಗಿನ ಉರಿ ಅಲ್ಲಿ ನಿಂತಿತ್ತು. ಅದು ನಿಂತೇ ಇತ್ತು, ಅವರು ಕಂಡಿರಲಿಲ್ಲ ಅಷ್ಟೆ.

ತಟ್ಟೆಯನ್ನು ಅದರ ಮೇಲೆ ಹಿಡಿದರು. ಕೈ ನಡುಗುತ್ತಿತ್ತು. ಯಾರಾದರೂ ನೋಡುತ್ತಾರೆಂಬ ಯೋಚನೆಯೂ ಆಗ ಬರಲಿಲ್ಲ. ಹೊಳೆಯುವ ಬಿಳಿ ಪಿಂಗಾಣಿಯ ಮೇಲೆ ಮೊದಲು ಕನ್ನಡಿಗೆ ಉಸಿರು ಬಿಟ್ಟಂಥ ಮಸುಕು ಮೂಡಿತು. ಮಸುಕು ಅಗಲವಾಯಿತು, ಅದರ ಅಂಚಿನಲ್ಲಿ ಸಾಸಿವೆಯಷ್ಟು ಚುಕ್ಕಿಗಳೆದ್ದವು. ಒಂದು ಚುಕ್ಕಿ ಪಕ್ಕದ್ದನ್ನು ಸೇರಿತು, ಎರಡೂ ಸೇರಿ ಇನ್ನೊಂದನ್ನು ಕರೆದುಕೊಂಡವು. ಆಮೇಲೆ ಒಂದು ಹನಿ, ತುಂಬಿದ ಹನಿ, ತಟ್ಟೆಯ ಓರೆಗೆ ಮೆಲ್ಲಗೆ ಇಳಿದು ಅಂಚಿನಲ್ಲಿ ನಿಂತಿತು.

"ಅಯ್ ಶಿವನೇ!" ಪುಟ್ಟಮಲ್ಲಮ್ಮ ಕಂಬ ಬಿಟ್ಟು ಎದ್ದು ಬಂದಿದ್ದರು. "ಬೆಂಕಿ ಬೆವರ್ತಾ ಅದಲ್ಲವ್ವಾ!"

ಚನ್ನಬಸವಣ್ಣನವರು ತಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಕಣ್ಣಿಗೆ ಕಾಣದ ಒಂದು ಗಾಳಿ. ಅದಕ್ಕೆ ಕಣ್ಣಿಗೆ ಕಾಣದ ಒಂದು ಬೆಂಕಿ. ಅದರಿಂದ ನೀರು, ಇಲ್ಲಿ, ಅವರ ಕೈಯಲ್ಲಿ. ಊರಾಚೆ ಹರಿಯುವ ಲಕ್ಷ್ಮಣತೀರ್ಥ, ಬೆಟ್ಟದಪುರದ ಬಾವಿ, ಬೆಳಿಗ್ಗೆ ಹುಲ್ಲಿನ ಮೇಲೆ ಕೂರುವ ಇಬ್ಬನಿ, ಎಲ್ಲ ಇದೇ ತಾನೇ? ಇಂಥದೊಂದು ಬೆರಗು ಜೊತೆಯಲ್ಲಿ ಇಟ್ಟುಕೊಂಡು ಇಷ್ಟು ವರ್ಷ ಅದರ ಕಡೆ ಬೆನ್ನು ಹಾಕಿ ಬೋರ್ಡು ನೋಡುತ್ತ ನಿಂತಿದ್ದರು.

ಬೆರಳ ತುದಿಯಿಂದ ಹನಿ ಮುಟ್ಟಿದರು. ತಣ್ಣಗಿಲ್ಲ, ಉಗುರುಬೆಚ್ಚಗಿತ್ತು.

"ಬಣ್ಣವೇ ಇಲ್ಲ," ಅಂದರು. ಆಮೇಲೆ ಒಮ್ಮೆಲೇ ಗುರುಸ್ವಾಮಿಯ ತೋಳು ಹಿಡಿದುಕೊಂಡು, "ನಿಜ ಕಣ್ರೀ! ನಾನು ಹೇಳ್ತಿದ್ದದ್ದು ನಿಜ! ಅಷ್ಟು ವರ್ಷ ಆ ಮಕ್ಕಳಿಗೆ ಹೇಳಿದ್ನಲ್ಲ, ಅದು ನಿಜವಾಗ್ಲೂ ಆಗ್ತದೆ!" ಎಂದು ಕೂಗಿದರು. ಯಾರೂ ನಗಲಿಲ್ಲ. ಗುರುಸ್ವಾಮಿ ಅವರ ಮುಖವನ್ನೇ ನೋಡುತ್ತಿದ್ದ, ತಟ್ಟೆಯನ್ನಲ್ಲ.

ಬುತ್ತಿ ಬಿಚ್ಚುವ ಮೊದಲು ಗುರುಸ್ವಾಮಿಯೂ ಒಮ್ಮೆ ಮಾಡಿದ. ಅವನ ಕೈ ನಡುಗಲಿಲ್ಲ. ಚನ್ನಬಸವಣ್ಣನವರು ಚಿತ್ರವನ್ನು ಹರಿಯಲು ಎತ್ತಿಕೊಂಡಾಗ ಅವನು ಓಡಿ ಬಂದು ಕಿತ್ತುಕೊಂಡ.

"ಹರೀಬೇಡಿ ಸಾ. ಇದು ನನಗೆ ಇಂಗೇ ಬೇಕು. ನಾಳೆ ಇದನ್ನ ಗೋಡೆಗಾಕಿ, ಇದರಲ್ಲಿರೋ ಅಂಗೇ ಜೋಡಿಸಿ, ಗುಳ್ಳೆ ಯಾಕೆ ಬರಲಿಲ್ಲ ಹೇಳ್ರಲಾ ಅಂತ ಮಕ್ಕಳನ್ನೇ ಕೇಳ್ತೀನಿ. ಊಟಕ್ಕೋಗ್ತೀನಿ ಅಂದೋನ್ನ ಮೊದಲು ಕೇಳ್ತೀನಿ!"

ಡಿಪೋದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಬೇರೆಯವರೂ ಕೆದಕಲು ಹೋಗಲಿಲ್ಲ. ಒಂದೇ ಮಾತು, ಚಿತ್ರದ ಕೆಳಗಿದ್ದ ತಮ್ಮ ಹೆಸರನ್ನು ಅಳಿಸಲೇ ಎಂದು ಚನ್ನಬಸವಣ್ಣನವರು ಕೇಳಿದಾಗ, ಇರಲಿ ಅಂದ. ಇರಲಿ ಎಂದು ಅವರಿಗೂ ಅನ್ನಿಸಿತು.

ಮಾರನೆಯ ದಿನ ಅವರು ಹೆಡ್‌ಮಾಸ್ಟರ ಮುಂದೆ ನಿಂತು ಬೀರುವಿನ ಬೀಗದ ಕೈ ಕೇಳಿದರು.

"ಒಡೆದ್ರೆ ಮೇಷ್ಟ್ರೇ?"

"ಒಡೀಲಿ ಸಾರ್," ಅಂದರು ಚನ್ನಬಸವಣ್ಣನವರು. ಹೆಡ್‌ಮಾಸ್ಟರು ಅವರ ಮುಖ ನೋಡಿ, ಜೇಬಿಗೆ ಕೈ ಹಾಕಿದರು.

ತರಗತಿಯಲ್ಲಿ ಎಂದಿನ ಮೌನ. ಪೆನ್ಸಿಲು ಚೂಪು ಮಾಡಿಕೊಂಡು, ಪುಸ್ತಕ ತೆರೆದು, ಎಲ್ಲರೂ ಬೋರ್ಡು ನೋಡುತ್ತಿದ್ದರು. ಬೋರ್ಡು ಖಾಲಿಯಾಗಿತ್ತು. ಮೇಷ್ಟ್ರು ಬೋರ್ಡಿಗೆ ಬೆನ್ನು ಮಾಡಿ ಮೇಜಿನ ಮೇಲೆ ಸೀಸೆ ಜೋಡಿಸಿದರು. ಕೊಳವೆ ಮುಳುಗಿದೆಯೇ ಎಂದು ಬಗ್ಗಿ ನೋಡಿದರು, ಇನ್ನೊಮ್ಮೆ ನೋಡಿದರು. ಬೊಗಳುವುದು ನಿಲ್ಲುವವರೆಗೂ ತಡೆದರು. ಅಷ್ಟರಲ್ಲಿ ಮೊದಲ ಬೆಂಚಿನಲ್ಲಿ ಕಿಸಕಿಸ, ಗುಸುಗುಸು ಶುರುವಾಗಿತ್ತು. ಅವರು ಗದರಲಿಲ್ಲ, ಅದು ಅವರಿಗೆ ಕೇಳಿಸಲೇ ಇಲ್ಲ. ಕಡ್ಡಿ ಗೀರಿ ಹಚ್ಚಿ, ಮನೆಯಿಂದ ತಂದ ತಟ್ಟೆಯನ್ನು ಉರಿಯ ಮೇಲೆ ಹಿಡಿದರು.

ಮಸುಕು ಮೂಡಿತು. ಚುಕ್ಕಿಗಳೆದ್ದವು. ನಿನ್ನೆ ನೋಡಿದ್ದೇ ಆದರೂ ಮೇಷ್ಟ್ರಿಗೆ ಮೈಮೇಲೆ ರೋಮ ನಿಂತಿತು. ಹೇಳಬೇಕು ಅಂದುಕೊಂಡಿದ್ದ ಪಾಠ, ತರಗತಿ, ಗಂಟೆ, ಎಲ್ಲ ಮರೆತುಹೋಗಿ, ತಟ್ಟೆಯ ಮೇಲೆ ಬಗ್ಗಿ, ಒಂದು ಹನಿ ಇನ್ನೊಂದನ್ನು ಸೇರುವುದನ್ನೇ ನೋಡುತ್ತ ನಿಂತುಬಿಟ್ಟರು.

"ಸಾ..."

ಕೊನೆಯ ಬೆಂಚಿನಿಂದ ಬಂದ ದನಿ. ಮೇಷ್ಟ್ರು ಬೆಚ್ಚಿ ತಲೆ ಎತ್ತಿದರು. ಇಡೀ ತರಗತಿ ಎದ್ದು ನಿಂತಿತ್ತು. ಹಿಂದಿನವರು ಬೆಂಚು ಹತ್ತಿ, ಮುಂದಿನವರ ಹೆಗಲ ಮೇಲೆ ಕತ್ತು ಚಾಚಿದ್ದರು. ಪೆನ್ಸಿಲುಗಳು ನೆಲಕ್ಕೆ ಬಿದ್ದಿದ್ದವು.

"ಸಾ, ನಮಗೂ ಒಸಿ ತೋರ್ಸಿ ಸಾ."

ಇಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಏನನ್ನೂ ತೋರಿಸಿ ಎಂದು ಕೇಳಿರಲಿಲ್ಲ. ಚನ್ನಬಸವಣ್ಣ ಮೇಷ್ಟ್ರು ಹನಿ ಬೀಳದ ಹಾಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಪಕ್ಕಕ್ಕೆ ಸರಿದು ನಿಂತರು.

"ಬನ್ರೋ," ಅಂದರು. "ಎಲ್ಲಾರೂ ಬನ್ನಿ."